ನೆರಳು ಬೇಡದ ಗಿಡ

ಸಸ್ಯಶಾಸ್ತ್ರಜ್ಞೆ ಎಂದರೆ ಕರಿಬೇವಿನ ಡಾಕ್ಟರ್ ಎಂದು ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿನ ಜನ ತೀರ್ಮಾನಿಸಿಬಿಟ್ಟಿದ್ದಾರೆ. ನಿವೃತ್ತಳಾಗಿ ಇಲ್ಲಿಗೆ ಬಂದ ಹೊಸತರಲ್ಲೇ ಲಿಫ್ಟಿನಲ್ಲಿ ಒಬ್ಬಾಕೆ ನನ್ನನ್ನು ಹಿಡಿದು ನಿಲ್ಲಿಸಿದಳು.

"ಆಂಟಿ, ನೀವು ಪ್ಲಾಂಟ್ ಸೈಂಟಿಸ್ಟ್ ಅಂತೆ? ನಮ್ ಕರಿಬೇವು ಚಿಗುರ್ತಾನೇ ಇಲ್ಲ ನೋಡಿ. ದಿನಾ ನೀರು ಹಾಕ್ತೀನಿ, ಮಜ್ಜಿಗೆ ಹಾಕ್ತೀನಿ, ಬಿಸ್ಲು ಜಾಸ್ತಿ ಅಂತ ನೆರಳಿಗೆ ಬಟ್ಟೆನೂ ಕಟ್ಟಿದೀನಿ."

"ಬಟ್ಟೆ ಬಿಚ್ಚಿ, ಅರ್ಧಕ್ಕೆ ಕತ್ತರಿಸಮ್ಮ," ಎಂದೆ.

"ಅಯ್ಯೋ, ಪಾಪ ಆಂಟಿ!"

ಅವಳು ಕತ್ತರಿಸಲಿಲ್ಲ, ಗಿಡ ಉಳಿಯಲಿಲ್ಲ. ಮುಂದಿನ ಭೇಟಿಯಲ್ಲಿ ಮಣ್ಣು ಸರಿ ಇರಲಿಲ್ಲ ಎಂದಳು. ಈ ಮಾತನ್ನು ಸುಮ್ಮನೆ ಎತ್ತಿಲ್ಲ. ನನ್ನ ವೃತ್ತಿಯ ಅತಿ ದೊಡ್ಡ ಗಿಡದ ಕಥೆಯೂ ಹೆಚ್ಚು ಕಡಿಮೆ ಇದೇ.

ನನ್ನ ಕಿರಿಯ ಸಹೋದ್ಯೋಗಿಯಾಗಿದ್ದ ಸುಹಾಸ್ ಈಗ ನಮ್ಮ ಹಳೆಯ ಕಚೇರಿಯ ಮುಖ್ಯಸ್ಥ. ಎಂ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರನ್ನು ಆಗಾಗ ನನ್ನ ಮನೆಗೆ ಕಳಿಸುತ್ತಾನೆ. ಹರಿಹರದ ಕಡೆಯವಳಾದ ನಾನು ಮಂಡಕ್ಕಿ ಒಗ್ಗರಣೆ ಕೊಟ್ಟು ಕೂರಿಸುತ್ತೇನೆ. "ಹೊಸ ಜಾತಿ ಗಿಡ ಕಂಡುಹಿಡಿಯೋದು ಹೇಗಿರುತ್ತೆ ಮೇಡಂ?" ಎಂದು ಕಣ್ಣರಳಿಸಿ ಕೇಳುತ್ತಾರೆ. ಅವರ ತಲೆಯಲ್ಲಿ ದಟ್ಟ ಕಾಡು, ಮಂಜು, ಜಿಗಣೆ, ಹಾರ್ನ್‌ಬಿಲ್ ಹಕ್ಕಿ. ಪ್ರತಿ ಸಲ ಅದನ್ನೇ ಹೇಳಿ ಗಂಟಲು ನೋಯಿಸಿಕೊಳ್ಳುವ ಬದಲು ಬರೆದಿಟ್ಟರೆ ಒಳ್ಳೆಯದು ಎನಿಸಿತು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ಬಂದಾಗ ನನಗೇ ಆಶ್ಚರ್ಯವಾಗಿತ್ತು, ನಿಮಗೆ ಬೇಸರವಾಗುತ್ತದೆ.

ಮೊದಲು ಕೆಲಸ ಏನೆಂದು ತಿಳಿಯಿರಿ. ಗಿಡವನ್ನು ಹೂ ಕಾಯಿ ಸಮೇತ ಕಿತ್ತು, ನ್ಯೂಸ್‌ಪೇಪರಿನ ನಡುವೆ ಹರಡಿ, ಹಲಗೆಗಳ ಮಧ್ಯೆ ಬಿಗಿದು ಒಣಗಿಸಬೇಕು. ಒಣಗಿದ್ದನ್ನು ದಪ್ಪ ಹಾಳೆಗೆ ಅಂಟಿಸಿ, ದಾರ ಹಾಕಿ ಹೊಲಿದು, ಮೂಲೆಯಲ್ಲಿ ಚೀಟಿ ಹಚ್ಚಿ ಬೀರುವಿನಲ್ಲಿಡಬೇಕು. ಅದು ಜಗತ್ತಿಗೆ ಹೊಸ ಗಿಡವಾಗಿದ್ದರೆ, ಅಂಥ ಒಂದು ಹಾಳೆಯನ್ನು ಮಾದರಿ ಎಂದು ಆರಿಸುತ್ತೇವೆ. ಮುಂದೆ ನೂರಾರು ವರ್ಷ ಆ ಗಿಡದ ಹೆಸರು ನಿಲ್ಲುವುದು ಆ ಹಾಳೆಯ ಮೇಲೆ. ಹೊರಗೆ ಎಷ್ಟು ಗಿಡ ನಳನಳಿಸುತ್ತಿದ್ದರೂ ನಮ್ಮ ಶಾಸ್ತ್ರದಲ್ಲಿ ಅವಕ್ಕೆ ಮಾನ್ಯತೆ ಇಲ್ಲ. ಒಂದು ಸತ್ತು, ಒಣಗಿ, ಅಂಟಿಕೊಂಡ ಮೇಲೆಯೇ ಇಡೀ ಕುಲ ಹುಟ್ಟಿದ್ದು ಲೆಕ್ಕ.

ಚೀಟಿಯಲ್ಲಿ ಮೊದಲು ಬರೆಯುವುದು ಸ್ಥಳ. ನನಗೆ ಇದನ್ನು ಕಲಿಸಿದವರು ನಮ್ಮ ಆಗಿನ ಮುಖ್ಯಸ್ಥ ಚಂದ್ರಮೌಳಿ. ಸಫಾರಿ ಸೂಟು, ಜೇಬಿನಲ್ಲಿ ಸದಾ ಭೂತಗನ್ನಡಿ. ಸೇರಿದ ಹೊಸತರಲ್ಲಿ ಒಂದು ಚೀಟಿಯಲ್ಲಿ ನಾನು ಬರೀ 'ತುಮಕೂರು ರಸ್ತೆ' ಎಂದು ಬರೆದಿದ್ದೆ. ಅವರು ಇಡೀ ಕಚೇರಿಯ ಮುಂದೆ ಹಾಳೆಯನ್ನು ಎತ್ತಿ ಹಿಡಿದರು.

"ಸರ್ವಮಂಗಳಾ ಅವರೇ, ತುಮಕೂರು ರಸ್ತೆ ಅಂದ್ರೆ ಎಲ್ಲಿ? ಯಾವ ಮೈಲಿಗಲ್ಲು, ಯಾವ ಬಂಡೆ, ಬಂಡೆ ಯಾವ ಪಕ್ಕ? ನಾಳೆ ಇನ್ನೊಬ್ಬ ಹೋಗಿ ಅದೇ ಗಿಡದ ಮುಂದೆ ನಿಲ್ಲಬೇಕು. ಜಾಗ ಬರೀದಿದ್ರೆ ಅದು ಗಿಡ ಅಲ್ಲಮ್ಮ, ಸೊಪ್ಪು."

ಆ ಮಾತು ನನ್ನ ಮೈಯಲ್ಲಿ ಇಳಿದುಹೋಯಿತು. ಅಂದಿನಿಂದ ಜಾಗ ಬರೆಯದೆ ಒಂದು ಎಲೆಯನ್ನೂ ನಾನು ಒಳಗೆ ತಂದಿಲ್ಲ. ನನ್ನ ಕೈಕೆಳಗೆ ಬಂದವರಿಗೆಲ್ಲ ಇದನ್ನೇ ಗದರಿಸಿ ಕಲಿಸಿದೆ. ಮದುವೆ ಮನೆಗೆ ಹೋದರೂ ಚಪ್ಪಲಿ ಎಲ್ಲಿ ಬಿಟ್ಟೆ ಎನ್ನುವುದನ್ನು ನಾನು ದಿಕ್ಕು ಸಮೇತ ಹೇಳುತ್ತೇನೆ ಎಂದು ನಮ್ಮವರು ಈಗಲೂ ನಗುತ್ತಾರೆ.

ಆಗಿನ ಕಚೇರಿಯಲ್ಲಿ ಅತಿ ದೊಡ್ಡ ವಾಗ್ವಾದ ಯಾವುದಿತ್ತು ಗೊತ್ತೇ? ಯಾವ ಭಾಷೆಯ ಪೇಪರು ಗಿಡದ ನೀರನ್ನು ಚೆನ್ನಾಗಿ ಹೀರುತ್ತದೆ ಎನ್ನುವುದು. ಇಂಗ್ಲಿಷ್ ಪೇಪರಿನಲ್ಲಿ ಬಣ್ಣದ ಜಾಹೀರಾತು ಜಾಸ್ತಿ, ಶಾಯಿ ಎಲೆಗೆ ಹತ್ತುತ್ತದೆ ಎಂದು ಒಂದು ಪಕ್ಷ. ಕನ್ನಡ ಪೇಪರು ಒಳ್ಳೆಯದೇ, ಆದರೆ ಹಾಳೆ ಬದಲಿಸಲು ಕೂತವರು ಹಳೆಯ ಸುದ್ದಿ ಓದುತ್ತಾ ಕೂತುಬಿಡುತ್ತಾರೆ ಎಂದು ಇನ್ನೊಂದು. ಎರಡನೆಯದು ನಿಜ. ಎಷ್ಟೋ ಅಪರೂಪದ ಗಿಡಗಳು ನಮ್ಮಲ್ಲಿ ಕೊಳೆತದ್ದು ಧಾರಾವಾಹಿಯ ಹಿಂದಿನ ಕಂತು ಸಿಕ್ಕಿದ ಸಂಭ್ರಮದಲ್ಲಿ.

ಆಮೇಲೆ ಕಾಲ ಬದಲಾಯಿತು. ಸುಹಾಸ್ ಬಂದ. ಎಲೆಯ ಚೂರನ್ನು ಅರೆದು ಯಂತ್ರಕ್ಕೆ ಕೊಟ್ಟು, ಅಪ್ಪ ಯಾರು ಅಜ್ಜ ಯಾರು ಎಂದು ಹೇಳುವ ವಿದ್ಯೆ ತಂದ. ಜೊತೆಗೆ ಮೊಬೈಲಿನಲ್ಲಿ ಗಿಡ ಗುರುತಿಸುವ ಒಂದು ಆ್ಯಪ್ ತಂದು ಚಂದ್ರಮೌಳಿಯವರಿಗೆ ತೋರಿಸಿದ. ಅವರು ಫೋನ್ ಇಸಿದುಕೊಂಡು ಮೇಜಿನ ಮೇಲಿದ್ದ ಕೊತ್ತಂಬರಿ ಕಟ್ಟಿಗೆ ಹಿಡಿದರು. ಅದು ಮನೆಗೆ ಒಯ್ಯಲು ತಂದದ್ದು. ಆ್ಯಪ್ ಅದನ್ನು ಗಜ್ಜರಿ ಎಂದಿತು. "ದಾಯಾದಿನೇ ಬಿಡಪ್ಪ, ತೀರಾ ತಪ್ಪಲ್ಲ," ಎಂದು ಫೋನ್ ವಾಪಸ್ ಕೊಟ್ಟರು. ಅವತ್ತಿನಿಂದ ಸುಹಾಸ್ ಅವರೆದುರು ಫೋನ್ ತೆಗೆಯಲಿಲ್ಲ.

ಇನ್ನು ಆ ಗಿಡದ ವಿಷಯ. ಮಾಕಳಿ ದಾಟಿ ಸ್ವಲ್ಪ ಒಳಗೆ ಎಂದು ಇಟ್ಟುಕೊಳ್ಳಿ. ಕಾರ್ಖಾನೆಗಳ ಹಿಂಬದಿಯಲ್ಲಿ ಒಂದು ಕಾವಲ್, ಅಂದರೆ ಊರ ದನ ಮೇಯುವ ಬಯಲು, ಇತ್ತು. ಮೊಣಕಾಲೆತ್ತರ ಹುಲ್ಲು, ಅಲ್ಲೊಂದು ಇಲ್ಲೊಂದು ಮರ, ನಡುನಡುವೆ ಬಂಡೆ, ಧಾರಾಳ ಬಿಸಿಲು. ಪುಸ್ತಕದಲ್ಲಿ ಇದಕ್ಕೆ ಸವನ್ನಾ ಎನ್ನುತ್ತಾರೆ. ಸಾವಿರಾರು ವರ್ಷಗಳಿಂದ ಹಾಗೇ ಇರುವ ಭೂಮಿ. ಆದರೆ ಮರ ಇಲ್ಲದ ಜಾಗ ಕಂಡರೆ ನಮ್ಮ ಜನಕ್ಕೆ ಬೋಳುತಲೆ ಕಂಡ ಹಾಗೆ, ಏನಾದರೂ ನೆಡಬೇಕು ಎಂದು ಕೈ ತುರಿಸುತ್ತದೆ. ಕಂದಾಯ ಇಲಾಖೆಯವರಂತೂ ಒಂದೇ ಮಾತಿನಲ್ಲಿ ಅದಕ್ಕೆ ಖರಾಬು ಎಂದು ಬರೆದು ಕೈತೊಳೆದುಕೊಂಡಿದ್ದರು.

ಕಾವಲಿನ ಅಂಚಿನಲ್ಲಿ ನಂಜಮ್ಮನ ಮನೆ. ಮೂಲ ಊರಿನವಳು. ಕಾರ್ಖಾನೆ ಹುಡುಗರಿಗೆ ಬಾಡಿಗೆ ಕೊಡಲು ಮಹಡಿ ಮೇಲೆ ಮಹಡಿ ಕಟ್ಟಿಸಿದ್ದಳು. ಆದರೂ ಕೆಳಗೆ ಕೊಟ್ಟಿಗೆಯಲ್ಲಿ ದನ ಇಟ್ಟುಕೊಂಡಿದ್ದಳು. "ಇನ್ನೂ ಯಾಕಮ್ಮ ಈ ಸಗಣಿ ಕೆಲ್ಸ?" ಎಂದು ಕೇಳಿದರೆ, "ಬಾಡ್ಗೆ ಹಾಲ್ ಕರಿತದಾ ಮೇಡಮ್ಮ?" ಎನ್ನುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಕಾವಲಿನ ಒಣಹುಲ್ಲಿಗೆ ಬೆಂಕಿ ಇಡುವುದು ಅವಳ ಮನೆತನದ ಪದ್ಧತಿ. ಹಳೆಯದು ಸುಟ್ಟರೆ ದನಕ್ಕೆ ಎಳೆಹುಲ್ಲು ಬರುತ್ತದೆ ಎನ್ನುವುದಷ್ಟೇ ಅವಳ ಲೆಕ್ಕ.

ಹಾಗೆ ಸುಟ್ಟು ಕಪ್ಪಾದ ನೆಲದ ಮೇಲೆ, ಇನ್ನೂ ಒಂದು ಹನಿ ಮಳೆ ಬಿದ್ದಿಲ್ಲ, ಆ ಗಿಡ ಹೂಬಿಟ್ಟು ನಿಂತಿತ್ತು. ಹೊಲಕ್ಕೆ ಗೊಬ್ಬರವಾಗಲೆಂದು ಬಿತ್ತುವ ಸೆಣಬಿನ ದಾಯಾದಿ ಎಂದು ಹೂವಿನಲ್ಲೇ ತಿಳಿಯಿತು, ಚಿಟ್ಟೆಯ ಆಕಾರದ ಹಳದಿ ಹೂವು. ಆದರೆ ಪೊದೆ ಗಿಡ್ಡ, ಎಲೆಯ ಅಡಿಯಲ್ಲಿ ತುಕ್ಕಿನ ಬಣ್ಣದ ರೋಮ. ಅಗೆದು ನೋಡಿದರೆ ನೆಲದ ಒಳಗೆ ತೊಡೆ ಗಾತ್ರದ ಕಟ್ಟಿಗೆಯಂಥ ಬೇರು, ಗುದ್ದಲಿಗೂ ಬಗ್ಗಲಿಲ್ಲ. ಮೇಲಿನದೆಲ್ಲ ಸುಟ್ಟರೂ ಅದಕ್ಕೆ ಚಿಂತೆಯಿಲ್ಲ. ಬೆಂಕಿ ಬಿದ್ದ ಮೇಲೆಯೇ ಅದಕ್ಕೆ ಹೂವಿನ ನೆನಪಾಗುವುದು. ಕಳೆದ ವರ್ಷದ ಕಾಯಿಗಳು ಬಂಡೆಯ ಮರೆಯಲ್ಲಿ ಉಳಿದಿದ್ದವು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎಂದವು. ನಾನು ಆ ಬೂದಿಯಲ್ಲಿ ಮಂಡಿಯೂರಿ ಕೂತು ಅತ್ತುಬಿಟ್ಟೆ. ವೃತ್ತಿಯಲ್ಲಿ ಅಂಥ ದಿನ ಒಂದೇ ಬರುತ್ತದೆ, ಅದೂ ಎಲ್ಲರಿಗೂ ಬರುವುದಿಲ್ಲ.

ನಂಜಮ್ಮ ದನ ಹೊಡೆದುಕೊಂಡು ಬಂದಳು. "ಯಾಕ್ ಮೇಡಮ್ಮ, ಏನಾರ ಕಳ್ಕಂಡ್ರಾ?"

"ಇಲ್ಲ ನಂಜಮ್ಮ, ಸಿಕ್ತು. ಈ ಗಿಡಕ್ಕೆ ಏನಂತೀರಿ ನೀವು?"

ಅವಳು ಬಗ್ಗಿ ನೋಡಿದಳು. "ಇದ್ಕಾ? ಏನೂ ಅನ್ನಾಕಿಲ್ಲ. ದನ ಮೂಸಾಕಿಲ್ಲ, ಒಲೆಗೂ ಆಗಾಕಿಲ್ಲ. ಇಂಗೇ ಬಿದ್ದೈತೆ ಮೊದ್ಲಿಂದ."

ಕಚೇರಿಗೆ ತಂದು ಮೇಜಿನ ಮೇಲಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ವಿಜ್ಞಾನಿಗಳಿಗೂ ಅನ್ವಯಿಸುತ್ತದೆ. ಚಂದ್ರಮೌಳಿಯವರು ಭೂತಗನ್ನಡಿಯನ್ನು ಇಡೀ ಗಿಡದ ಮೇಲೆ ಓಡಿಸಿ, "ಚೆನ್ನಾಗಿದೆ. ಆದ್ರೆ ಪೀಣ್ಯದಿಂದ ಬಸ್‌ನಲ್ಲಿ ಹೋಗಿ ಬರೋ ದೂರದಲ್ಲಿ ಹೊಸ ಜಾತಿನಾ? ಜನ ನಗ್ತಾರಮ್ಮ. ಆಗುಂಬೆ ಕಡೆ ಎಲ್ಲಾದ್ರೂ ಸಿಗುತ್ತಾ ನೋಡಿ," ಎಂದರು. ಸುಹಾಸ್ ಎಲೆ ಅರೆದ. ಯಂತ್ರವೂ ಹೊಸದು ಎಂದಿತು. ಬೇರೆ ಕಾವಲುಗಳನ್ನೆಲ್ಲ ಹುಡುಕಿದೆವು. ಕೆಲವು ಲೇಔಟ್ ಆಗಿದ್ದವು, ಕೆಲವು ನೀಲಗಿರಿ ತೋಪು, ಒಂದು ಕ್ರಿಕೆಟ್ ಅಕಾಡೆಮಿ. ಎಲ್ಲೂ ಸಿಗಲಿಲ್ಲ. ನಮಗೆ ತಿಳಿದ ಮಟ್ಟಿಗೆ ಭೂಮಿಯ ಮೇಲೆ ಆ ಗಿಡ ಇದ್ದದ್ದು ನಂಜಮ್ಮನ ಮನೆಯ ಹಿಂದೆ ಮಾತ್ರ. ಅಲ್ಲಿ ಹೋದರೆ ಹೋಯಿತು, ಮತ್ತೆ ಬರುವುದಿಲ್ಲ.

ಹೊಸದು ಎಂದು ಖಚಿತವಾದ ಕೂಡಲೇ ಚಂದ್ರಮೌಳಿಯವರ ಧಾಟಿ ಬದಲಾಯಿತು. ಈಗ ಹೆಸರಿನ ಪ್ರಶ್ನೆ. ತನ್ನ ಹೆಸರನ್ನು ತಾನೇ ಗಿಡಕ್ಕೆ ಇಟ್ಟುಕೊಳ್ಳುವುದು ನಮ್ಮಲ್ಲಿ ನಾಚಿಕೆಗೇಡು. ಅದಕ್ಕೇ ಹಿರಿಯರು ಕೊಟ್ಟು ತರುವ ಸಂಬಂಧ ಮಾಡುತ್ತಾರೆ. ನನ್ನ ಗಿಡಕ್ಕೆ ನಿನ್ನ ಹೆಸರು, ನಿನ್ನ ಗಿಡಕ್ಕೆ ನನ್ನ ಹೆಸರು, ಬೀಗರು ಬೀಗರು ಸುಖವಾಗಿರೋಣ. ನಮ್ಮ ಸಾಹೇಬರ ಹೆಸರಿನಲ್ಲಿ ಆಗಲೇ ಒಂದು ಹುಲ್ಲು, ಒಂದು ಪಾಚಿ ಇದ್ದವು. ಪೊದೆ ಇರಲಿಲ್ಲ.

"ನಾನಾಗಿ ಹೇಳ್ತಿಲ್ಲ," ಎಂದು ಒಂದು ದಿನ ಕಾಫಿ ತರಿಸಿ ಶುರುಮಾಡಿದರು. "ಹೆಸರು ಕೇಳೋಕೆ ಇಂಪಾಗಿರ್ಬೇಕು. 'ಚಂದ್ರ' ಅಂತ ಬಂದ್ರೆ ಒಂದು ತಂಪು ಇರುತ್ತೆ, ಅಲ್ವಾ?"

"ಬೆಂಕಿಯಲ್ಲಿ ಹೂಬಿಡೋ ಗಿಡಕ್ಕೆ ತಂಪು ಯಾಕೆ ಸಾರ್?" ಎಂದೆ. ಆ ವರ್ಷದ ನನ್ನ ಪ್ರವಾಸಭತ್ಯೆಯ ಬಿಲ್ಲುಗಳೆಲ್ಲ ಆಕ್ಷೇಪಣೆಯೊಂದಿಗೆ ವಾಪಸ್ ಬಂದವು.

ನಾನು ಕಾವಲಿನ ಹೆಸರನ್ನೇ ಇಟ್ಟೆ. ಲ್ಯಾಟಿನ್ನಿನ ಬಾಲ ಸೇರಿಸಿ 'ಕಾವಲೆನ್ಸಿಸ್' ಎಂದಾಯಿತು, ಕಾವಲಿನದ್ದು ಎಂದು ಅರ್ಥ. ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸಿದರೆ ಅದನ್ನು ಓದಿ ತೀರ್ಪು ಹೇಳುವವರು ಇಬ್ಬರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಒಬ್ಬರು, ಇದು ಸವನ್ನಾ ಅಲ್ಲ, ಹಾಳಾದ ಕಾಡು, ಮರ ನೆಟ್ಟರೆ ಸರಿಹೋಗುತ್ತದೆ ಎಂದರು. ಇನ್ನೊಬ್ಬರು, ಸ್ಥಳದ ವಿವರ ನಂಬುವ ಹಾಗಿಲ್ಲ, ಬೆಂಗಳೂರು ಎಂಬುದು ನಗರವಲ್ಲವೇ ಎಂದು ಕೇಳಿದರು. ಉತ್ತರ ಬರೆದು ಬರೆದು ನನ್ನ ಕೂದಲು ಬೆಳ್ಳಗಾಯಿತು. ಕೊನೆಗೆ ಲೇಖನ ಅಚ್ಚಾಯಿತು, ಮಾದರಿ ಹಾಳೆ ಬೀರು ಸೇರಿತು. ನಿಯಮದ ಪ್ರಕಾರ ಸ್ಥಳವನ್ನು ಬಂಡೆ ಸಮೇತ ಬರೆದಿದ್ದೆ. ಅದನ್ನು ಓದಿ ಮೊದಲು ಓಡಿ ಬಂದದ್ದು ವಿಜ್ಞಾನಿಯಲ್ಲ, ಒಂದು ಕಂಪನಿ.

ಅಷ್ಟರಲ್ಲಿ ಕಾವಲನ್ನು ಆನ್‌ಲೈನ್ ಸಾಮಾನಿನ ದೊಡ್ಡ ಗೋಡೌನ್ ಕಟ್ಟಲು ಅದೇ ಕಂಪನಿಗೆ ಕೊಟ್ಟಾಗಿತ್ತು. ಆ ಕಂಪನಿಯ ಪರಿಸರ ವಿಭಾಗದ ಮುಖ್ಯಸ್ಥೆ ಪ್ರಣೀತಾ. ಚಿಕ್ಕ ವಯಸ್ಸು, ಕೈತುಂಬ ಮರದ ಬಳೆ, ಮನಸ್ಸು ಬೆಣ್ಣೆ. ಅವಳ ಬಗ್ಗೆ ಕೆಟ್ಟ ಮಾತು ಬರೆಯಲು ನನಗೆ ಆಗುವುದಿಲ್ಲ. ಕೆಟ್ಟವಳಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ನಮ್ಮ ಕಚೇರಿಗೆ ಬಂದು ಒಣಗಿದ ಮಾದರಿ ಹಾಳೆಯನ್ನು ನೋಡಿ ಕಣ್ಣೀರು ಹಾಕಿದಳು.

"ಮೇಡಂ, ಪ್ರಾಮಿಸ್ ಮಾಡ್ತೀನಿ. ಈ ಗಿಡಾನ ನಾವು ಮಗು ಥರ ನೋಡ್ಕೋತೀವಿ."

ಗಿಡ ಮಗುವಲ್ಲ, ಮೈಯೆಲ್ಲ ಸುಟ್ಟುಕೊಂಡು ಬದುಕುವ ಹಠಮಾರಿ ಮುದುಕಿ ಎಂದು ಹೇಗೆ ಹೇಳಲಿ? ಅವರ ಕಂಪನಿಯಲ್ಲಿ ಸಭೆ ಕರೆದರು. ನಾನೂ ಸುಹಾಸನೂ ಹೋದೆವು. ಗಾಜಿನ ಕೋಣೆ, ಎ.ಸಿ., ಪ್ರತಿಯೊಬ್ಬರ ಮುಂದೆ ಒಂದು ಬಾಟಲಿ ನೀರು, ಒಂದು ಪುಟ್ಟ ಮನಿಪ್ಲಾಂಟ್. ಏನು ಬೇಕು ಹೇಳಿ ಮೇಡಂ, ಬಜೆಟ್ ಇದೆ ಎಂದರು.

"ಏನೂ ಬೇಡ," ಎಂದೆ. "ಆ ಮೂಲೆಯನ್ನು ಹಾಗೇ ಬಿಡಿ. ಮರ ನೆಡಬೇಡಿ, ನೀರು ಬಿಡಬೇಡಿ. ದನ ಬಂದು ಮೇಯ್ಲಿ. ಬೇಸಿಗೆ ಹತ್ರ ಬಂದಾಗ ಒಂದ್ಸಲ ಬೆಂಕಿ ಹಚ್ಚಿ."

ಯಾರೋ ಬಾಟಲಿಯ ಮುಚ್ಚಳ ಬೀಳಿಸಿದರು. ಸೇಫ್ಟಿ ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಮೇಡಂ, ನಮ್ದು ನೋ ಸ್ಮೋಕಿಂಗ್ ಕ್ಯಾಂಪಸ್. ಬೀಡಿ ಹಚ್ಚಿದ್ರೇ ಕೆಲ್ಸ ಹೋಗುತ್ತೆ. ಎಕರೆಗಟ್ಲೆ ಹೇಗ್ ಹಚ್ಚೋದು?"

"ದನಗಳಾದರೂ?"

ಸೆಕ್ಯುರಿಟಿಯ ಮುಖ್ಯಸ್ಥನಿಗೆ ನಿಜವಾಗಿಯೂ ಬೇಸರವಾಗಿತ್ತು. "ವಿಸಿಟರ್ ಪಾಸ್‌ಗೆ ಐಡಿ ಪ್ರೂಫ್ ಬೇಕು ಮೇಡಂ. ಹಸುಗೆ ಕೊಡಕ್ಕಾಗಲ್ಲ."

ಪ್ರಣೀತಾ ನನ್ನ ಕೈ ಹಿಡಿದುಕೊಂಡಳು. "ಮೇಡಂ, ಟೆನ್ಷನ್ ತಗೋಬೇಡಿ. ನಾವು ಬೆಸ್ಟ್ ಮಾಡ್ತೀವಿ."

ಬೆಸ್ಟ್ ಮಾಡಿದರು. ಮೊದಲು ಸುತ್ತ ಬೇಲಿ. ಆಮೇಲೆ ನೀರು ಚಿಮುಕಿಸುವ ಪೈಪು. ಆಮೇಲೆ ಕೆಂಪು ಮಣ್ಣು, ಗೊಬ್ಬರ. ಪರಿಸರ ದಿನಕ್ಕೆ ಕಂಪನಿಯ ನೌಕರರೆಲ್ಲ ಹಸಿರು ಟೀಶರ್ಟ್ ಹಾಕಿಕೊಂಡು ಬಸ್ಸುಗಳಲ್ಲಿ ಬಂದಿಳಿದು, ಅಪರೂಪದ ಗಿಡಕ್ಕೆ ಜೊತೆಯಾಗಲೆಂದು ಅದರ ಸುತ್ತ ಒತ್ತೊತ್ತಾಗಿ ಸಸಿ ನೆಟ್ಟರು. ಹೊಂಗೆ, ಬೇವು, ನೇರಳೆ, ಮಹಾಗನಿ, ಕೈಗೆ ಸಿಕ್ಕಿದ್ದೆಲ್ಲ. ಸೆಲ್ಫಿ ತೆಗೆದುಕೊಂಡರು, ಊಟದ ಡಬ್ಬಿ ಬಿಟ್ಟುಹೋದರು. ನೀರು ಗೊಬ್ಬರ ಸಿಕ್ಕಿದ ಸಸಿಗಳು ಹುಚ್ಚೆದ್ದು ಬೆಳೆದವು. ಕಾವಲಿನ ಹುಲ್ಲು ಮೊದಲು ಸತ್ತಿತು. ನಾನು ಪತ್ರ ಬರೆದೆ, ಫೋನ್ ಮಾಡಿದೆ. ಪ್ರಣೀತಾ ಪ್ರತಿ ಸಲವೂ ಗೌರವದಿಂದ ಕೇಳಿಸಿಕೊಂಡು, "ಎಷ್ಟು ಹಸಿರಾಗಿದೆ ಬಂದು ನೋಡಿ ಮೇಡಂ," ಎನ್ನುತ್ತಿದ್ದಳು. ಬೀಜ ತಂದು ಕುಂಡದಲ್ಲಿ ಹಾಕಿದೆ, ಮೊಳೆತು ಬೆರಳುದ್ದವಾಗಿ ಕೊಳೆತವು. ಬೇರು ಕೀಳಿಸಿ ಬೇರೆಡೆ ನೆಡೋಣವೆಂದರೆ ಅದು ಬಂಡೆಯೊಳಗೆ ಹೊಕ್ಕಿತ್ತು.

ನಾನು ನಿವೃತ್ತಳಾದ ವರ್ಷ ಹೋಗಿ ನೋಡಿದಾಗ ಅಲ್ಲಿ ತಂಪಾದ ತೋಪು. ಕಲ್ಲುಬೆಂಚು, ಹಕ್ಕಿಗೂಡು, ಮಧ್ಯೆ ಒಂದು ಫಲಕ: ಜಗತ್ತಿನಲ್ಲಿ ಇಲ್ಲಿ ಮಾತ್ರ ಬೆಳೆಯುವ ಗಿಡ. ಫಲಕದ ಕೆಳಗೆ ಒದ್ದೆ ನೆಲದಲ್ಲಿ ಕರ್ರಗೆ ಕೊಳೆತ ಬೇರು. ಬೆರಳಿನಿಂದ ಒತ್ತಿದರೆ ಹಿಸುಕಿದ ಖರ್ಜೂರದ ಹಾಗೆ ಮೆತ್ತಗಿತ್ತು. ಗುದ್ದಲಿಗೆ ಬಗ್ಗದ ಬೇರು ಅದು. ನಾನು ಕಲ್ಲುಬೆಂಚಿನ ಮೇಲೆ ಕೂತೆ. ನೆರಳು ನಿಜಕ್ಕೂ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದ ನೆರಳಿನಲ್ಲಿ ಕೂತು ಅಷ್ಟು ಸಿಟ್ಟು ಬಂದದ್ದು ಜೀವನದಲ್ಲಿ ಅದೊಂದೇ ಸಲ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಆ ಅಪ್ಪನಿಗೆ ಒಂದು ಪ್ರಶಸ್ತಿಯೂ ಬಂತು. ಜೀವವೈವಿಧ್ಯ ಉಳಿಸಿದ್ದಕ್ಕೆ. ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ಸಮಾರಂಭ. ಗಿಡಕ್ಕೆ ಹೆಸರಿಟ್ಟವಳೆಂದು ನನ್ನನ್ನೂ ವೇದಿಕೆಗೆ ಕರೆದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪಕ್ಕದಲ್ಲಿ ಹಿತ್ತಾಳೆ ಕುಂಡದಲ್ಲಿ ರಿಬ್ಬನ್ ಕಟ್ಟಿದ ಒಂದು ಗಿಡ. ಪೇಟ ಕಣ್ಣಿನ ಮೇಲೆ ಜಾರುತ್ತಿದ್ದರೂ ನನಗೆ ಗೊತ್ತಾಯಿತು, ಅದು ಅಂಗಡಿಯಲ್ಲಿ ಕಿಲೋಗಟ್ಟಲೆ ಬೀಜ ಸಿಗುವ ಮಾಮೂಲಿ ಸೆಣಬು. ತೋಟದ ಗುತ್ತಿಗೆದಾರ ಎಲ್ಲಿಂದಲೋ ತಂದು ಇಟ್ಟಿದ್ದ. ಚಂದ್ರಮೌಳಿಯವರೂ ಮುಖ್ಯ ಅತಿಥಿಗಳಾಗಿದ್ದರು. ಅವರು ಕುಂಡದ ಕಡೆ ನೋಡಿದರು, ನನ್ನ ಕಡೆ ನೋಡಿದರು, ಜೇಬಿನಿಂದ ಭೂತಗನ್ನಡಿ ಅರ್ಧ ತೆಗೆದು ಮತ್ತೆ ಒಳಗಿಟ್ಟರು.

ನಾನು ಪ್ರಣೀತಾಳ ಕಿವಿಯಲ್ಲಿ ಹೇಳಿದೆ. "ಇದು ಆ ಗಿಡ ಅಲ್ಲಮ್ಮ. ಆ ಗಿಡ ಸತ್ತುಹೋಗಿದೆ."

ಅವಳ ಮುಖ ಬಿಳಿಚಿತು. ಕ್ಯಾಮೆರಾದವನು ಕೈಬೀಸುತ್ತಿದ್ದ. "ಮೇಡಂ, ಪ್ಲೀಸ್," ಎಂದಳು, ತುಟಿ ಅಲ್ಲಾಡಿಸದೆ. "ಫೋಟೋ ಆದ್ಮೇಲೆ ಹೇಳಿ."

ಫೋಟೋ ಆಯಿತು. ಆಮೇಲೆ ಊಟ, ಆಮೇಲೆ ಟ್ರಾಫಿಕ್. ಮಾರನೆಯ ದಿನ ಪೇಪರಿನಲ್ಲಿ ನಾನು ಸೆಣಬಿನ ಪಕ್ಕ ನಗುತ್ತಿದ್ದೆ. ಗಿಡ ಒಣಗಿಸಲು ಆ ಪೇಪರು ಒಳ್ಳೆಯದೇ, ನೀರು ಚೆನ್ನಾಗಿ ಹೀರುತ್ತದೆ.

ಕಥೆ ಅಲ್ಲಿಗೆ ಮುಗಿಯಿತೆಂದು ಒಂದಷ್ಟು ಕಾಲ ಸಪ್ಪಗಿದ್ದೆ. ಹೊಸ ಗಿಡಕ್ಕೆ ಹೆಸರು ಕೊಡುವುದೆಂದರೆ ಅದರ ವಿಳಾಸವನ್ನು ಕೊಟ್ಟಂತೆ, ವಿಳಾಸ ಕೊಟ್ಟಿದ್ದಕ್ಕೆ ಅದು ಸತ್ತಿತು ಎನ್ನುವ ಯೋಚನೆ ಕಾಡುತ್ತಿತ್ತು. ಆಗ ನಂಜಮ್ಮನ ಫೋನು ಬಂತು, ಮಗನ ಮನೆ ಗೃಹಪ್ರವೇಶ, ಬರಲೇಬೇಕು ಎಂದು. ಹೋದೆ. ಹೋಳಿಗೆ ಊಟ ಮುಗಿದ ಮೇಲೆ ನೋಡಿದರೆ, ಹೊಸ ಸೀರೆಯಲ್ಲೇ ನಂಜಮ್ಮ ದನ ಬಿಚ್ಚುತ್ತಿದ್ದಾಳೆ.

"ಕಾವಲೇ ಹೋಯ್ತಲ್ಲ ನಂಜಮ್ಮ, ಎಲ್ಲಿ ಮೇಯಿಸ್ತೀಯಾ?"

"ತಂತಿ ಕೆಳ್ಗೆ. ಬತ್ತೀರಾ? ಉಂಡಿದ್ದು ಅರಗ್ತದೆ."

ದೊಡ್ಡ ಕರೆಂಟಿನ ಕಂಬಗಳ ಸಾಲು ಕಾರ್ಖಾನೆಗಳ ನಡುವೆ ಹೊಗೆಮಂಜಿನಲ್ಲಿ ಹಾದು ಹೋಗುತ್ತದೆ. ತಂತಿಗಳ ಕೆಳಗಿನ ಪಟ್ಟಿಯಲ್ಲಿ ಯಾರೂ ಕಟ್ಟುವಂತಿಲ್ಲ. ನಾನು ನನ್ನ ವೃತ್ತಿಯಲ್ಲಿ ಕಾಡು ಮೇಡೆಲ್ಲ ಹುಡುಕಿದವಳು, ನೆತ್ತಿಯ ಮೇಲೆ ಝುಂಯ್ ಎನ್ನುವ ತಂತಿಯ ಕೆಳಗೆ ಯಾವತ್ತೂ ಬಗ್ಗಿ ನೋಡಿದವಳಲ್ಲ. ಪ್ಲಾಸ್ಟಿಕ್ಕು, ಒಡೆದ ಇಟ್ಟಿಗೆ, ನಡುವೆ ಮೊಣಕಾಲೆತ್ತರ ಹುಲ್ಲು. ಲೈನ್‌ಮನ್‌ಗಳ ಗುಂಪೊಂದು ಮಚ್ಚು ಹಿಡಿದು ಎಳೆ ಮರಗಳನ್ನು ಕಡಿಯುತ್ತಿತ್ತು. ಅವರಲ್ಲೊಬ್ಬ ನಂಜಮ್ಮನನ್ನು ಕಂಡದ್ದೇ ಕೂಗಾಡಿದ.

"ಅಜ್ಜಿ, ಹೋದ್ ವರ್ಷನೂ ಇಲ್ಲಿ ಹುಲ್ಲಿಗೆ ಬೆಂಕಿ ಇಟ್ಟಿದ್ದು ನೀನೇ ತಾನೆ? ತಂತಿಗೆ ಹೊಗೆ ಹೊಡೆದ್ರೆ ಲೈನ್ ಟ್ರಿಪ್ ಆಗುತ್ತೆ ಕಣಜ್ಜಿ!"

"ಓಗಲೋ! ನಿನ್ ತಂತಿ ಬರಾಕ್ ಮುಂಚೆ ನಮ್ಮಜ್ಜಿ ಇಲ್ಲಿ ಬೆಂಕಿ ಇಕ್ತಿದ್ಲು. ನಿನ್ ತಂತಿನ ಅತ್ಲಾಗ್ ಎತ್ತಿ ಕಟ್ಟು."

ಅವರ ಜಗಳದ ನಡುವೆ ಹಸುವೊಂದು ಪೊದೆಗಳ ನಡುವೆ ನುಗ್ಗಿತು. ಗಲಗಲ ಎಂದಿತು.

ನಾನು ನಿಂತೆ. ಮತ್ತೆ ಗಲಗಲ. ಹುಲ್ಲು ಸರಿಸಿದೆ. ಗಿಡ್ಡ ಪೊದೆ, ಎಲೆಯಡಿ ತುಕ್ಕಿನ ರೋಮ, ಒಣಗಿದ ಕಾಯಿ. ಅದರಾಚೆ ಇನ್ನೊಂದು, ಕಂಬದ ಬುಡದವರೆಗೂ ಅದೇ. ಮೊದಲಿಂದ ಇತ್ತೋ, ದನದ ಗೊರಸಿನ ಮಣ್ಣಲ್ಲಿ ಬೀಜ ಬಂತೋ ನನಗೆ ತಿಳಿಯದು. ಲೈನ್‌ಮನ್ ಮಚ್ಚು ಹಿಡಿದೇ ಹತ್ತಿರ ಬಂದ. ನನ್ನ ಕನ್ನಡಕ, ಕಾಟನ್ ಸೀರೆ ನೋಡಿ ಅವನಿಗೆ ಗಾಬರಿ.

"ಮೇಡಂ, ಪರಿಸರದವ್ರಾ? ಇಲ್ಲಿ ಮರ ಬಿಡಂಗಿಲ್ಲ ಮೇಡಂ, ರೂಲ್ಸ್ ಇದೆ. ಪ್ರತಿ ವರ್ಷ ಕಡೀಲೇಬೇಕು. ಕಂಪ್ಲೇಂಟ್ ಗಿಂಪ್ಲೇಂಟ್ ಮಾಡ್ಬೇಡಿ."

"ಇಲ್ಲಪ್ಪ. ಚೆನ್ನಾಗಿ ಕಡಿಯಿರಿ. ಮುಂದಿನ ವರ್ಷನೂ ತಪ್ಪದೆ ಬನ್ನಿ," ಎಂದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ನಂಜಮ್ಮನ ಕಡೆ ತಿರುಗಿದ. ನಂಜಮ್ಮ, ನಮ್ಮ ಮೇಡಮ್ಮ ಗಿಡ ಕಂಡ್ರೆ ಅಳ್ತಾರೆ ಬಿಡು ಎಂದು ಸಮಾಧಾನ ಹೇಳಿದಳು.

ನನ್ನ ಚೀಲದಲ್ಲಿ ಕತ್ತರಿ ಇತ್ತು, ಹಳೆಯ ಪೇಪರೂ ಇತ್ತು. ಅಭ್ಯಾಸ ಬಿಡುವುದಿಲ್ಲವಲ್ಲ. ಕೈ ಚೀಲಕ್ಕೆ ಹೋಯಿತು, ಹಾಗೇ ವಾಪಸ್ ಬಂತು. ಒಂದು ಎಲೆಯನ್ನೂ ಕೀಳದೆ ಮನೆಗೆ ಬಂದೆ.

ಮೊನ್ನೆ ಸುಹಾಸ್ ಫೋನ್ ಮಾಡಿದ. ಅಳಿದುಹೋದ ಗಿಡಗಳ ವರದಿ ಬರೆಯುತ್ತಿದ್ದಾನಂತೆ. "ಮೇಡಂ, ಕಾವಲೆನ್ಸಿಸ್ ಸೇರಿಸ್ಬಿಡ್ಲಾ? ಬೇರೆ ಕಡೆ ಎಲ್ಲೂ ಕಂಡಿಲ್ವಲ್ಲ?" ಎಂದು ಕೇಳಿದ. ಅವನ ಧ್ವನಿಯಲ್ಲಿ ನೋವಿತ್ತು, ಅವನಿಗಾದರೂ ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಹೇಳಿದರೆ ಅವನು ಬರೆಯುತ್ತಾನೆ. ಬರೆದರೆ ಬಂಡೆ ಸಮೇತ ಬರೆಯುತ್ತಾನೆ, ನಾನೇ ಕಲಿಸಿದ್ದು. "ಅವಸರ ಮಾಡ್ಬೇಡಪ್ಪ, ಇನ್ನೂ ಸ್ವಲ್ಪ ಕಾಯಿ," ಎಂದೆ. ಜಾಣ, "ಆಯ್ತು ಮೇಡಂ, ನಾನೇನೂ ಕೇಳ್ಲಿಲ್ಲ," ಎಂದು ಫೋನಿಟ್ಟ.

ಅದೇ ವಾರ ಪ್ರಣೀತಾ ಕೂಡ ಮಾಡಿದಳು. ಪಾಪ, ಆ ಪ್ರಶಸ್ತಿಯ ನಂತರ ಅವಳಿಗೆ ನಿದ್ದೆ ಸರಿಯಿಲ್ಲವಂತೆ. ಪ್ರಾಯಶ್ಚಿತ್ತಕ್ಕೆ ಇನ್ನೊಂದು ಖಾಲಿ ಜಾಗ ಹುಡುಕಿದ್ದಾಳೆ. "ಮೇಡಂ, ನಮ್ ಗೋಡೌನ್ ಹಿಂದೆ ಟವರ್ ಲೈನ್ ಕೆಳಗೆ ಫುಲ್ ವೇಸ್ಟ್ ಲ್ಯಾಂಡ್ ಇದೆ. ಎತ್ತರದ ಮರ ಬೇಡ, ಅಲಂಕಾರದ ಗಿಡ ಹಾಕಿ ಡ್ರಿಪ್ ಬಿಟ್ಟು ಹಸಿರು ಮಾಡ್ಬಿಡೋಣ. ನೀವೊಂದ್ಸಲ ಬಂದು ನೋಡಿ ಹೇಳಿ."

ಹವಾಮಾನ, ಮಣ್ಣು, ಬೆಂಕಿ ಎಂದು ಮತ್ತೊಮ್ಮೆ ವಿಜ್ಞಾನ ಹೇಳಲು ಬಾಯಿ ತೆರೆದೆ. ವಿಜ್ಞಾನ ಹೇಳಿ ಒಮ್ಮೆ ನೋಡಿದ್ದೆನಲ್ಲ. "ಅಲ್ಲಿ ಹಾವು ಜಾಸ್ತಿ ಕಣಮ್ಮ," ಎಂದೆ.

"ಹೌದಾ ಮೇಡಂ?"

"ಒಂದೊಂದು ತೋಳು ಗಾತ್ರ. ನಾನೇ ನೋಡಿದೀನಿ."

ಆ ಯೋಜನೆಯನ್ನು ಬೊಮ್ಮಸಂದ್ರದ ಕಡೆ ಬದಲಾಯಿಸಿದರೆಂದು ಕೇಳಿದೆ. ಅಲ್ಲಿ ಏನಿತ್ತೋ, ದೇವರೇ ಕಾಪಾಡಬೇಕು.

ಈ ಕೆಲಸಕ್ಕೆ ಬರುತ್ತಿರುವ ಮಕ್ಕಳೇ, ಚಂದ್ರಮೌಳಿಯವರು ಹೇಳಿದ್ದು ಸರಿ. ಗಿಡ ಕಿತ್ತರೆ ಚೀಟಿಯಲ್ಲಿ ಮೊದಲು ಸ್ಥಳ ಬರೆಯಿರಿ, ಇನ್ನೊಬ್ಬರು ಹೋಗಿ ಅದೇ ಗಿಡದ ಮುಂದೆ ನಿಲ್ಲುವಷ್ಟು ಸ್ಪಷ್ಟವಾಗಿ ಬರೆಯಿರಿ. ಆದರೆ ಮೇಲೆ ನಾನು ಮಾಕಳಿ ಎಂದದ್ದನ್ನು ಹಿಡಿದುಕೊಂಡು ಹುಡುಕಲು ಹೊರಡಬೇಡಿ. ಊರಿನ ಹೆಸರು, ದಾರಿ ಎಲ್ಲ ಬದಲಿಸಿದ್ದೇನೆ. ಶಿವರಾತ್ರಿ ಕಳೆದು ನಂಜಮ್ಮ ಬೆಂಕಿ ಇಟ್ಟ ಮೇಲೆ, ಹಳದಿ ಹೂ ನೋಡಲು ನಾನೊಬ್ಬಳೇ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಎಲ್ಲಿಗೆ ಎಂದು ಮಾತ್ರ ಕೇಳಬೇಡಿ. ಅಲ್ಲಿ ಹಾವುಗಳು ವಿಪರೀತ.